ಒಸಿ

ಮೇಟಗಳ್ಳಿ ಕಾರ್ಖಾನೆ, ಕಂಪ್ರೆಸರ್ ಮನೆ,
ಶನಿವಾರ ರಾತ್ರಿ ಹನ್ನೊಂದು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲವಂತೆ
ಇಲ್ಲಿ ಗೋಡೆ ಗಡಿಯಾರದ ಸದ್ದು ಕೇಳುವುದು.

ಎರಡಾಳೆತ್ತರದ ಮೋಟಾರು ಮುಚ್ಚಳ ಬಿಚ್ಚಿ ಕೂತಿದೆ.
ಹೊರಗೆ ಅಲುಗದ ದೊಡ್ಡ ಬಳೆ, ಸ್ಟೇಟರ್.
ಒಳಗೆ ತಿರುಗುವ ರೋಟರ್.
ನಡುವೆ ಆರು ಮಿಲಿಮೀಟರ್, ಬರೀ ಗಾಳಿ.
ಆ ಗಾಳಿಯನ್ನು ಸುತ್ತಲೂ ಸಮ ಮಾಡಬೇಕು,
ಸೋಮವಾರದ ಮೊದಲ ಪಾಳಿಗೆ ಮುಂಚೆ.

ನನ್ನನ್ನು ಕರೆದದ್ದು ಕೈ ಸಪೂರವೆಂದು,
ಡಿಪ್ಲೊಮಾ ಅಂಕಪಟ್ಟಿ ನೋಡಿ ಅಲ್ಲ.
ಬಳೆ ತೆಗೆದು ಟಿಫಿನ್ ಡಬ್ಬಿಯೊಳಗಿಟ್ಟು
ಭುಜದವರೆಗೂ ಕೈ ತೂರಿಸಿ
ಫೀಲರ್ ಗೇಜಿನ ಉದ್ದನೆ ಎಲೆಗಳನ್ನು
ಒಂದರ ಮೇಲೊಂದಿಟ್ಟು ಎಳೆಯುತ್ತೇನೆ.
ತುಸು ತಡೆಯಬೇಕು, ಕಚ್ಚಬಾರದು;
ಗಂಜಿ ಹಾಕಿದ ಸೀರೆಯ ಮಡಿಕೆ ಬಿಡಿಸಿದ ಹಾಗೆ.

"ಮೇಲೆ ಆರು ನಲವತ್ತು!"
"ಕೆಳಗೆ ಐದು ಅರವತ್ತು!"

ಚಿಕ್ಕಜವರಯ್ಯ ಉತ್ತರ ಕೊಡುವುದಿಲ್ಲ.
ಕಿರುಗಾವಲಿನವರು. ಹರೆಯದಲ್ಲಿ ಆಲೆಮನೆಯ ಗಾಣಕ್ಕೆ
ಉರುಳೆ ಕೂಡಿಸುತ್ತಿದ್ದರಂತೆ,
ಕಬ್ಬಿನ ಸಿಪ್ಪೆ ಹಿಂಡಿ, ಮೂಸಿ, ಸಂದಿ ಎಷ್ಟೆಂದು ಹೇಳುತ್ತಿದ್ದರಂತೆ.
"ಅಲ್ಲಿ ಅರೀಬೇಕು ಕೂಸು. ಇಲ್ಲಿ ಸವರುದ್ರೂ ಕೆಟ್ಟೋಯ್ತು.
ಕರೆಂಟು ಬಂದ ಗಳಿಗೆ, ಎತ್ಲಾಗೆ ಹತ್ರ ಐತೋ ಅತ್ಲಾಗೇ ಎಳೀತದೆ.
ಎಳದಷ್ಟೂ ಹತ್ರ. ಹತ್ರಾದಷ್ಟೂ ಎಳೆತ."
ಬೀಡಿ ಹಚ್ಚುವ ಜಾಗವಲ್ಲ; ಸುಮ್ಮನೆ ಬಾಯಲ್ಲಿಟ್ಟುಕೊಂಡರು.

ಓರೆ ಯಾರದು, ನಿಂತದ್ದರದೋ ತಿರುಗುವುದರದೋ?
ಒಂದೇ ಧ್ರುವವನ್ನು ಎಂಟು ಕಡೆ ಒಯ್ದು ನೋಡಿದೆವು.
ಒಂದೇ ಕಡೆ ನಿಂತು ಇಪ್ಪತ್ತೂ ಧ್ರುವಗಳನ್ನು ಕರೆದು ನೋಡಿದೆವು.
ಎರಡೂ ದುಂಡಗೇ ಇದ್ದವು.
ಕೂತ ಜಾಗವೇ ತಪ್ಪು.

ಜಾಕಿ ಕೊಟ್ಟು ಎತ್ತಿ, ಪಾದದಡಿಯ ಹಿತ್ತಾಳೆ ತಗಡುಗಳಲ್ಲಿ
ಮೂವತ್ತರದೊಂದು, ಐದರದೊಂದು ಹಿರಿದೆವು.
ಆಮೇಲೆ ಅಡ್ಡ ಸರಿಸುವ ಕೆಲಸ.
ಎಡ ಬಲ ಅನ್ನುವುದಿಲ್ಲ ಈ ಮನುಷ್ಯ,
ಹೊಲದಲ್ಲಿ ನಿಂತವರಂತೆ "ಪಡುವ್ಲಿಗೆ, ಒಸಿ."

"ಒಸಿ ಅಂದರೆ ಎಷ್ಟು?"

ಬೋಲ್ಟು ತಿರುಗಿತು. ಡಯಲಿನ ಮುಳ್ಳು ಎಂಟು ಗೆರೆ ನಡೆಯಿತು.
ಒಸಿ ಅಂದರೆ ಎಂಟು, ಪುಸ್ತಕದಲ್ಲಿ ಬರೆದುಕೊಂಡೆ.
"ಇನ್ನೊಸಿ." ನಾಲ್ಕು.
ಹೊಡೆದು ಹಾಕಿ ನಾಲ್ಕು ಬರೆದೆ.
"ಇನ್ನೊಂದೊಸಿ." ಮುಳ್ಳು ಎರಡು ಗೆರೆ ಹೋಗಿ,
ಮೂರನೆಯದರ ಮೇಲೆ ಉಸಿರು ಹಿಡಿದು ನಿಂತಿತು.

ಪಾದ ಬಿಗಿಯುವಾಗ ಎಲ್ಲಾ ಮತ್ತೆ ಜರುಗಿತು.
ಭಾನುವಾರ ಪೂರ್ತಿ ಅದೇ:
ಸಡಿಲಿಸು, ಸರಿಸು, ಬಿಗಿ, ಕೈ ತೂರಿಸು, ಕೂಗು.
ಮಧ್ಯೆ ಎರಡು ಚಿತ್ರಾನ್ನದ ಪೊಟ್ಟಣ,
ಕೈಯ ಗ್ರೀಸಿನ ವಾಸನೆ ಅನ್ನಕ್ಕೂ.

ಬೆಳಗಿನ ಜಾವ ಬಂದ ಮ್ಯಾನೇಜರು ಹಾಳೆ ನೋಡಿ
"ಮೇಲೆ ಆರು ಸೊನ್ನೆ ಐದು, ಕೆಳಗೆ ಐದು ತೊಂಬತ್ತೈದು.
ಪೂರ್ತಿ ಸಮ ಇಲ್ಲವಲ್ಲ?" ಎಂದರು.
ಚಿಕ್ಕಜವರಯ್ಯ ಬೀಡಿ ಕಿವಿಗೆ ಸಿಕ್ಕಿಸಿ
"ತಿರುಗಕ್ ಶುರುವಾದ್ರೆ ಎಣ್ಣೆ ಮೇಲೆ ಶಾಫ್ಟು ಏಳ್ತದೆ, ಸಾ.
ಒಸಿ ಏಳಕ್ಕೆ ಜಾಗ ಮಡಗಿವ್ನಿ."

ಐದೂ ಮುಕ್ಕಾಲಿಗೆ ಸ್ವಿಚ್ಚು.
ನೆಲ ಮೊದಲು ತಿಳಿದುಕೊಂಡಿತು, ಆಮೇಲೆ ನನ್ನ ಚಪ್ಪಲಿ.
ಗಡಿಯಾರ ಮತ್ತೆ ಮೂಕವಾಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಅವರು ಬೀಡಿ ಹಚ್ಚಲು ಗೇಟಿನ ಹೊರಗೆ ಹೋದರು.

ಬಸ್ಸಿನಲ್ಲಿ ಡಬ್ಬಿ ತೆಗೆದು ಬಳೆ ಹಾಕಿಕೊಂಡೆ.
ಮಣಿಕಟ್ಟಿನ ಮೇಲೆ ಸೊನ್ನೆ,
ಕೆಳಗೆ ಹದಿನೈದು ಮಿಲಿಮೀಟರಾದರೂ ಇರಬೇಕು.
ರಿಂಗ್ ರಸ್ತೆಯ ಗುಂಡಿಗೊಮ್ಮೆ ಕೈಗೆ ಬಡಿಯುತ್ತಿದೆ.
ಏನೂ ಸುಡುತ್ತಿಲ್ಲ.
ಸದ್ದು ಬರುತ್ತಿದೆ, ಅಷ್ಟೆ.